ತಾರಸಿ ಮೇಲೆ ವಿಮಾನ, ಕೆಳಗೆ ಸಂಸಾರ

ಮುಂಬಯಿಯ ಕಾಂದಿವಲಿ ಕಡೆ ಚಾರಕೋಪ್ ಎಂಬ ಬಡಾವಣೆ. ಅಲ್ಲೊಂದು ಐದು ಮಹಡಿ ಕಟ್ಟಡ. ಒಳಗೆ 19 ಜನರ ಕೂಡು ಕುಟುಂಬ. ನಮ್ಮ ಕಡೆಯಾದರೆ ಅಂಥ ಮನೆಯ ತಾರಸಿ ಮೇಲೆ ಹಪ್ಪಳ ಸಂಡಿಗೆ ಒಣಗುತ್ತಿದ್ದವು, ಸಂಜೆ ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಅಮೋಲ್ ಯಾದವ್ ಎಂಬ ಪೈಲಟ್ ಆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು!

ಆಟದ ಸಾಮಾನಲ್ಲ ಸ್ವಾಮಿ, ಮನುಷ್ಯರು ಕೂತು ಹಾರುವ ವಿಮಾನ. ಲೇತ್ ಮಿಷನ್ನು, ಕಂಪ್ರೆಸರ್, ವೆಲ್ಡಿಂಗ್ ಮಿಷನ್ನು, ಕೊನೆಗೆ 180 ಕಿಲೋ ತೂಕದ ಫಾರಿನ್ ಎಂಜಿನ್ನು, ಎಲ್ಲವೂ ಕಿರಿದಾದ ಮೆಟ್ಟಿಲು ಹತ್ತಿಯೇ ಮೇಲಕ್ಕೆ ಹೋದವು. 2016ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ 'ಮೇಕ್ ಇನ್ ಇಂಡಿಯಾ' ಸಪ್ತಾಹ ನಡೆದಾಗ ಕ್ರೇನ್ ತರಿಸಿ ಕೆಳಗಿಳಿಸಿದರು. ಪ್ರದರ್ಶನದ ಮೈದಾನದಲ್ಲಿ ಜೋಡಿಸಿ ನಿಲ್ಲಿಸಿದರು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು.

ಅದು ಅವರ ಮೂರನೇ ವಿಮಾನ. 1998ರಿಂದ ಹಿಡಿದ ಹಟ. ಮೊದಲಿನ ಎರಡೂ ಹಾರಲಿಲ್ಲ. ದುಡ್ಡು ಎಲ್ಲಿಂದ ಬಂತು? ಯಾದವ್ ಆಗ ಜೆಟ್ ಏರ್‌ವೇಸ್‌ನಲ್ಲಿ ಪೈಲಟ್, ಸಂಬಳ ಚೆನ್ನಾಗಿಯೇ ಇತ್ತು. ಆದರೂ ಸಾಲಲಿಲ್ಲ. ತಾಯಿ ಮಂಗಳಸೂತ್ರ ಮಾರಿದರು, ಮನೆ ಒತ್ತೆ ಬಿತ್ತು ಎಂದು ಪತ್ರಿಕೆಗಳಲ್ಲಿ ಬಂದಿದೆ.

ಈ ಒಂದು ಸಾಲನ್ನು ಓದುಗರು ಇನ್ನೊಮ್ಮೆ ಓದಬೇಕು. ಯಾಕೆಂದರೆ ವಿಮಾನ ಕಟ್ಟುವ ಕನಸಿನ ಕತೆ ಹೇಳುವವರೆಲ್ಲ ರೆಕ್ಕೆ ಬಗ್ಗೆ ಹೇಳ್ತಾರೆ, ಎಂಜಿನ್ ಬಗ್ಗೆ ಹೇಳ್ತಾರೆ. ತಾಯಿಯ ಕೊರಳಿನ ಬಗ್ಗೆ ಹೇಳೋದಿಲ್ಲ.

ಇದು ನಮಗ್ಯಾಕೆ?

ಮುಂಬಯಿ ಸುದ್ದಿ ಶಿವಮೊಗ್ಗದ ಸಂಜೆ ಪತ್ರಿಕೆಗೆ ಯಾಕೆ ಅಂತ ಕೇಳಬಹುದು. ಕಾರಣ ಇದೆ. 2023ರ ಫೆಬ್ರವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ ಕೊನೆಗೆ ಪ್ರಯಾಣಿಕರ ವಿಮಾನವೂ ಬಂದಿಳಿಯಿತು. ಅಲ್ಲಿಯ ತನಕ ಆಕಾಶದಲ್ಲಿ ಬಿಳಿ ಗೆರೆ ಎಳೆದು ಹೋಗುವ ವಿಮಾನ ಮಾತ್ರ ಕಂಡಿದ್ದ ನಮ್ಮೂರವರಿಗೆ ಅದರ ಹೊಟ್ಟೆ, ಚಕ್ರ ಎಲ್ಲ ಹತ್ತಿರದಿಂದ ಕಾಣತೊಡಗಿತು. ಮೊಬೈಲಿನಲ್ಲಿ ವಿಡಿಯೋ ನೋಡಿದ ಹುಡುಗರಿಗೆ, ಆಟೋ ಕಾಂಪ್ಲೆಕ್ಸ್ ಕಡೆ ಗ್ಯಾರೇಜಿನಲ್ಲಿ ಕೈ ಪಳಗಿದವರಿಗೆ, "ನಾವೂ ಒಂದು ಮಾಡಬಹುದಲ್ಲ ಸಾರ್?" ಎಂಬ ಪ್ರಶ್ನೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯ ಏನಿಲ್ಲ.

ಪ್ರಶ್ನೆ ಕೇಳುವವರಲ್ಲಿ ಬ್ರಹ್ಮಚಾರಿಗಳಿಗಿಂತ ಸಂಸಾರಸ್ಥರೇ ಜಾಸ್ತಿ ಎನ್ನುವುದು ಇದರ ತಮಾಷೆ. ಮೂವತ್ತು ದಾಟಿದವರು, ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಒಂದು ಎಲ್‌ಕೆಜಿ, ಒಂದು ತೊಟ್ಟಿಲು. ಕೈಯಲ್ಲಿ ಕಸುಬು ಕೂತಿರುತ್ತೆ, ಜೇಬಿಗೆ ನಾಲ್ಕು ಕಾಸು ಬರತೊಡಗಿರುತ್ತೆ. ಆಗಲೇ ಈ ಹುಚ್ಚು ಹಿಡಿಯುವುದು. ಇದು ನಮ್ಮಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲೂ ಶುರುವಾದದ್ದು ಹೀಗೇ.

ಮನೆ ನೆಲಮಾಳಿಗೆಯಲ್ಲಿ ಹುಟ್ಟಿದ ಸಂಘ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಅಂತ ಒಬ್ಬ ಮಿಲಿಟರಿ ಪೈಲಟ್ ಇದ್ದ. ಬಡವರ ಮನೆಯ ಹುಡುಗ. ಸ್ಕೂಲಿನ ಮೇಷ್ಟ್ರೊಬ್ಬರು ಮುರಿದು ಬಿದ್ದ ಗ್ಲೈಡರ್ ಒಂದನ್ನು ಕೊಟ್ಟಾಗ ಅದನ್ನು ರಿಪೇರಿ ಮಾಡಿ, ತಾನೇ ಹಾರುವುದು ಕಲಿತಿದ್ದ. 1944ರಲ್ಲಿ ಆಡ್ರಿ ಎಂಬಾಕೆಯನ್ನು ಮದುವೆಯಾದ. 1953ರ ಜನವರಿ 26ರಂದು, ತನ್ನ ಹಾಗೇ ಮನೆಯಲ್ಲಿ ವಿಮಾನ ಕಟ್ಟುವ ಮಂದಿಯನ್ನು ಮಿಲ್ವಾಕಿಯ ಸಣ್ಣ ಏರ್‌ಪೋರ್ಟಿನಲ್ಲಿ ಸೇರಿಸಿ ಒಂದು ಸಂಘ ಮಾಡಿದ. ಹೆಸರು ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್, ಚಿಕ್ಕದಾಗಿ ಇಎಎ. ಆಗ ಪಾಲ್‌ಗೆ ವಯಸ್ಸು 31. ಮಗ ಟಾಮ್‌ಗೆ ಆರು.

ಸಂಘಕ್ಕೆ ಆಫೀಸು ಎಲ್ಲಿ? ಹೇಲ್ಸ್ ಕಾರ್ನರ್ಸ್ ಎಂಬ ಊರಿನಲ್ಲಿದ್ದ ಅವರ ಮನೆಯ ನೆಲಮಾಳಿಗೆ. ಗುಮಾಸ್ತೆ ಯಾರು? ಹೆಂಡತಿ ಆಡ್ರಿ. ಗಂಡ ಡ್ಯೂಟಿಗೆ ಹೋದಾಗ ಬಂದ ಕಾಗದಕ್ಕೆಲ್ಲ ಉತ್ತರ ಬರೆಯುವುದು, ಸದಸ್ಯರ ಪಟ್ಟಿ ಇಡುವುದು, ಚಂದಾ ಲೆಕ್ಕ ನೋಡುವುದು, ಎಲ್ಲ ಈ ಹೆಣ್ಣುಮಗಳ ತಲೆ ಮೇಲೆ. ಮಕ್ಕಳು ಅದೇ ಮನೆಯಲ್ಲಿ ಬೆಳೆದವು.

1955ರಲ್ಲಿ 'ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್' ಪತ್ರಿಕೆಯವರು ಪಾಲ್ ಕಟ್ಟಿದ 'ಬೇಬಿ ಏಸ್' ಎಂಬ ಒಂಟಿ ಸೀಟಿನ ವಿಮಾನದ ಕತೆ ಹಾಕಿದರು. ಎಂಜಿನ್ ಸೇರಿ 800 ಡಾಲರ್ ಒಳಗೆ ನೀವೇ ಕಟ್ಟಿಕೊಳ್ಳಿ ಎನ್ನುವುದು ಅದರ ತಾತ್ಪರ್ಯ. ಅಲ್ಲಿಗೆ ನೋಡಿ, ಕಾಗದಗಳ ಮಳೆ! ನೆಲಮಾಳಿಗೆಯ ಸಂಘ ದೇಶದ ಸಂಘವಾಯಿತು. ಈಗ ಪ್ರತಿ ವರ್ಷ ಜುಲೈನಲ್ಲಿ ಆಶ್‌ಕಾಶ್ ಎಂಬ ಊರಲ್ಲಿ ಅವರ ಜಾತ್ರೆ ನಡೆಯುತ್ತೆ. ಸುತ್ತಮುತ್ತ ಏರ್‌ಪೋರ್ಟ್‌ಗಳಿಗೆ ಸೇರಿ ಹತ್ತು ಸಾವಿರ ವಿಮಾನ ಬಂದಿಳಿಯುತ್ತವೆ. ವಾರದಲ್ಲಿ ಆರು ಲಕ್ಷಕ್ಕೂ ಮೇಲೆ ಜನ. ನಮ್ಮ ಶಿರಸಿ ಮಾರಿಕಾಂಬೆ ಜಾತ್ರೆಗೆ ಬಸ್ಸು ಬಂದ ಹಾಗೆ ಅಲ್ಲಿಗೆ ವಿಮಾನ.

ಆ ಆರು ವರ್ಷದ ಟಾಮ್ 1973ರಲ್ಲಿ ಅಮೆರಿಕದ ಏರೋಬ್ಯಾಟಿಕ್ಸ್ ಚಾಂಪಿಯನ್ ಆದ. ಅಂದರೆ ಆಕಾಶದಲ್ಲಿ ಲಾಗ ಹಾಕುವ ಸ್ಪರ್ಧೆ. 1989ರಲ್ಲಿ ಅಪ್ಪನ ಸಂಘಕ್ಕೇ ಅಧ್ಯಕ್ಷನಾದ. ಪಾಲ್ 2013ರಲ್ಲಿ, ಆಡ್ರಿ 2020ರಲ್ಲಿ ತೀರಿಕೊಂಡರು. ಟಾಮ್ ತೀರಿಕೊಂಡದ್ದು 2022ರ ಜುಲೈ 25ರಂದು, ಆಶ್‌ಕಾಶ್ ಜಾತ್ರೆ ಆರಂಭವಾದ ದಿನವೇ.

ಪಾಲ್‌ನ ಹೆಸರು ಎಲ್ಲರಿಗೂ ಗೊತ್ತು. ಆದರೆ ಆಡ್ರಿ "ಸಾಕು ರೀ, ಈ ಕಾಗದದ ಮೂಟೆ ಹೊರಗೆ ಹಾಕಿ" ಅಂತ ಒಂದು ದಿನ ಅಂದುಬಿಟ್ಟಿದ್ದರೆ ಆ ಸಂಘ ನೆಲಮಾಳಿಗೆ ಬಿಟ್ಟು ಮೇಲೇಳುತ್ತಿರಲಿಲ್ಲ.

ಲೆಕ್ಕ ಹೀಗಿದೆ

ಈಗ ಅಂಗಡಿಯವರ ಭಾಷೆಯಲ್ಲೇ ಮಾತಾಡೋಣ. ಲೆಕ್ಕ.

ಮನೆಯಲ್ಲಿ ಕಟ್ಟುವ ವಿಮಾನ ಎರಡು ಬಗೆ. ಒಂದು, ಬರೀ ನಕ್ಷೆ ಕೊಂಡುಕೊಂಡು ಮರ, ಬಟ್ಟೆ, ಪೈಪು ತಂದು ಮೊದಲಿಂದ ಕಟ್ಟುವುದು. ಇನ್ನೊಂದು, ಕಂಪನಿಯವರು ತಗಡು ಕತ್ತರಿಸಿ ತೂತು ಕೊರೆದು ಪೆಟ್ಟಿಗೆಯಲ್ಲಿ ಕಳಿಸುವ ಸಾಮಾನನ್ನು ಜೋಡಿಸುವುದು. ಇದಕ್ಕೆ ಕಿಟ್ ಅಂತಾರೆ. ಅಮೆರಿಕದ ಕಾನೂನು ಒಂದು ಷರತ್ತು ಹಾಕಿದೆ: ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕಟ್ಟುವವನೇ, ಕಲಿಕೆಗೋ ಹವ್ಯಾಸಕ್ಕೋ ಮಾಡಿರಬೇಕು. ಇದನ್ನು 51 ಪರ್ಸೆಂಟ್ ರೂಲ್ ಎಂದು ಕರೆಯುತ್ತಾರೆ. ಕಾಸು ಕೊಟ್ಟು ಪೂರ್ತಿ ಬೇರೆಯವರಿಂದ ಮಾಡಿಸಿದರೆ ನಡೆಯೋದಿಲ್ಲ.

ಎರಡು ಸೀಟಿನ ಲೋಹದ ಕಿಟ್ ವಿಮಾನಕ್ಕೆ ಸುಮಾರು 2000 ಗಂಟೆ ಕೆಲಸ ಅಂತ ಹಿಡಿಯಿರಿ. ಕೆಲವರು 1500ರಲ್ಲಿ ಮುಗಿಸ್ತಾರೆ, ಕೆಲವರಿಗೆ 3000 ಆಗುತ್ತೆ. ಅಂಗಡಿ ಬಾಗಿಲು ಎಳೆದು ಮನೆಗೆ ಬರುವಾಗ ರಾತ್ರಿ ಒಂಬತ್ತು. ಊಟ ಮುಗಿಸಿ ವಾರದಲ್ಲಿ ಐದು ದಿನ ದಿನಕ್ಕೊಂದು ಗಂಟೆ. ಭಾನುವಾರ ಐದು ಗಂಟೆ. ವಾರಕ್ಕೆ ಒಟ್ಟು ಹತ್ತು. ಹಾಗಾದರೆ 200 ವಾರ. ವರ್ಷಕ್ಕೆ 52 ವಾರದಂತೆ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ.

ಇದು ಒಂದು ಭಾನುವಾರವೂ ತಪ್ಪದೆ ಕೂತರೆ. ನಮ್ಮಲ್ಲಿ ಭಾನುವಾರ ಅಂದರೆ ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಮಗುವಿಗೆ ಜ್ವರ, ಅತ್ತೆ ಮನೆಯ ಹಬ್ಬ, ದೊಡ್ಡವನ ಪರೀಕ್ಷೆ. ವಾರಕ್ಕೆ ಹತ್ತು ಗಂಟೆ ಆರಕ್ಕೆ ಇಳಿದರೆ ನಾಲ್ಕು ವರ್ಷ ಆರೂವರೆ ವರ್ಷ ಆಗುತ್ತೆ. ಮೊದಲ ರಿವೆಟ್ ಹೊಡೆದಾಗ ಮೂರು ವರ್ಷದ ಮಗು, ವಿಮಾನ ಗ್ಯಾರೇಜಿನಿಂದ ಹೊರಬರುವಾಗ ನಾಲ್ಕನೇ ಕ್ಲಾಸು. ನಡುವಿನ ಭಾನುವಾರಗಳು ಹೋದವು ಹೋದವೇ.

ಇನ್ನು ದುಡ್ಡು. ಕಿಟ್, ಎಂಜಿನ್, ಪ್ರೊಪೆಲ್ಲರ್, ಮೀಟರುಗಳು, ಬಣ್ಣ ಎಲ್ಲ ಸೇರಿ ಇವತ್ತು ಅಂಥ ವಿಮಾನ ಒಂದು ಲಕ್ಷ ಡಾಲರ್ ದಾಟುತ್ತದೆ. ನಮ್ಮ ಹಣದಲ್ಲಿ 80 ಲಕ್ಷಕ್ಕೂ ಮೇಲೆ. ವಿನೋಬನಗರದಲ್ಲೋ ಗೋಪಾಳದಲ್ಲೋ ಸೈಟಿಗೆ ಹೊಂಚು ಹಾಕುತ್ತಿರುವವರಿಗೆ ಈ ಮೊತ್ತದ ಭಾರ ನಾನು ಬಿಡಿಸಿ ಹೇಳಬೇಕಿಲ್ಲ.

ಒಂದೇ ಸಲ ಸುರಿಯಬೇಕಾಗಿಲ್ಲ ಎನ್ನುವುದು ಸಮಾಧಾನ. ಮನೆ ಕಟ್ಟುವಾಗ ಪಾಯ, ಗೋಡೆ, ಆರ್‌ಸಿಸಿ ಅಂತ ಕಂತು ಕಂತಾಗಿ ಹೋಗುವ ಹಾಗೆ ಇಲ್ಲೂ ಮೊದಲು ಬಾಲದ ಕಿಟ್ಟು, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕಡೆಗೆ ಎಂಜಿನ್ನು. ಬಾಲವೇ ಮೊದಲು ಯಾಕೆಂದರೆ ಅದು ಚಿಕ್ಕದು, ಅಗ್ಗ. ಅದನ್ನು ಕಟ್ಟುವಾಗಲೇ ತನಗೆ ತಾಳ್ಮೆ ಇದೆಯೋ ಇಲ್ಲವೋ ಮನುಷ್ಯನಿಗೆ ಗೊತ್ತಾಗಿಬಿಡುತ್ತೆ. ಆ ಹಂತದಲ್ಲಿ ಕೈಬಿಟ್ಟರೆ ನಷ್ಟ ಕಡಿಮೆ. ಬಾಲ ಮಾತ್ರ ಆಗಿ ನಿಂತ ವಿಮಾನಗಳನ್ನು ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಕಂತಿನಲ್ಲೂ ಅಪಾಯ ಇದೆ. ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಈ ವ್ಯಾಪಾರದಲ್ಲಿ ದೊಡ್ಡ ಹೆಸರು. ಅವರ ಆರ್‌ವಿ ಕಿಟ್ಟುಗಳಿಂದ ಕಟ್ಟಿದ 11,000ಕ್ಕೂ ಹೆಚ್ಚು ವಿಮಾನ ಹಾರಿವೆ. ಅಂಥ ಕಂಪನಿಯೇ 2023ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಗೆ ಕೋರ್ಟಿಗೆ ಹೋಯಿತು. ಲೇಸರ್‌ನಿಂದ ಕೊರೆದ ತೂತುಗಳಲ್ಲಿ ಬಿರುಕಿನ ತೊಂದರೆ ಕಂಡು ಭಾಗಗಳನ್ನು ಬದಲಿಸಿಕೊಡಬೇಕಾಗಿ ಬಂದಿತ್ತು. ಮುಂಗಡ ಕೊಟ್ಟವರು ಕಂಗಾಲಾದರು. 2024ರಲ್ಲಿ ಕಂಪನಿ ಚೇತರಿಸಿಕೊಂಡು ಹೊರಬಂತು, ಆದರೆ ಕಿಟ್ಟಿನ ರೇಟು ಏರಿತು. ಚೀಟಿ ಹಾಕಿ ಕಳಕೊಂಡ ನಮ್ಮವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತೆ.

ರಿವೆಟ್ ಹೊಡೆಯಲು ಇಬ್ಬರು ಬೇಕು

ನೀವು ಈ ಪತ್ರಿಕೆಯನ್ನು ಬಸ್ಸಿನಲ್ಲಿ ಕೂತು ಓದುತ್ತಿದ್ದರೆ ತಲೆ ಎತ್ತಿ ನೋಡಿ. ಸೂರಿನ ತಗಡಿಗೆ, ಕಿಟಕಿ ಪಟ್ಟಿಗೆ ಸಾಲಾಗಿ ರಿವೆಟ್ ಹೊಡೆದಿರುವುದು ಕಾಣುತ್ತೆ. ಲೋಹದ ವಿಮಾನದ ಮೈ ಕೂಡ ಹಾಗೇ ತೆಳು ಅಲ್ಯೂಮಿನಿಯಂ ತಗಡು, ಸಾವಿರಾರು ರಿವೆಟ್ಟು. ವ್ಯತ್ಯಾಸ ಎಂದರೆ ಬಸ್ಸಿನಲ್ಲಿ ಒಂದು ರಿವೆಟ್ ಸಡಿಲವಾದರೆ ತಗಡು ಗಡಗಡ ಅನ್ನುತ್ತೆ, ಡ್ರೈವರ್ ಡಿಪೋದಲ್ಲಿ ಹೇಳ್ತಾನೆ. ಮೇಲೆ ಹಾಗಲ್ಲ.

ಒಂದೊಂದು ತೂತಿಗೂ ಕೆಲಸ ಇಷ್ಟಿದೆ: ಅಳತೆಗೆ ಕೊರೆಯಬೇಕು, ಅಂಚಿನ ಮುಳ್ಳು ತೆಗೆಯಬೇಕು, ರಿವೆಟ್ಟಿನ ತಲೆ ತಗಡಿಗೆ ಸಮವಾಗಿ ಕೂರಲು ಸಣ್ಣ ಗುಳಿ ಒತ್ತಬೇಕು, ಆಮೇಲೆ ರಿವೆಟ್. ಅಂಚಿನ ಮುಳ್ಳು ಹಾಗೇ ಬಿಟ್ಟರೆ ಅಲ್ಲಿಂದಲೇ ಮುಂದೆ ಬಿರುಕು ಏಳಬಹುದು. ಒಬ್ಬರು ಹೊರಗಿನಿಂದ ಗಾಳಿ ಗನ್ ಹಿಡಿದು ಹೊಡೆಯುತ್ತಿದ್ದರೆ ಇನ್ನೊಬ್ಬರು ಒಳಗಿನಿಂದ ಭಾರದ ಕಬ್ಬಿಣದ ತುಂಡು ಒತ್ತಿ ಹಿಡಿದಿರಬೇಕು. ಹಾಗಾಗಿ ಬಹಳ ಕಡೆ ಇದು ಒಂಟಿ ಕೈ ಕೆಲಸವಲ್ಲ.

ಆ ಇನ್ನೊಬ್ಬರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಡತಿ. ಬಾಲದ ತುದಿಯ ಕಿರಿದಾದ ಸಂದಿಗೆ ದೊಡ್ಡವರ ತೋಳು ಹೋಗೋದಿಲ್ಲ, ಅಲ್ಲಿಗೆ ಮಕ್ಕಳ ಕೈ. ಎಂಟು ಹತ್ತು ವರ್ಷದ ಮಗು ಅಪ್ಪನ ಪಕ್ಕ ಕೂತು ಬೋಲ್ಟು ಎಣಿಸಿ ಡಬ್ಬಿಗೆ ಹಾಕುವುದು, ನಕ್ಷೆಯಲ್ಲಿ ನಂಬರು ಹುಡುಕುವುದು, ಇದೆಲ್ಲ ಆಟದಂತೆ ನಡೆಯುತ್ತೆ. ಆದರೆ ಅಂಟು ಕಲಸುವ ಕಡೆ, ಬಣ್ಣ ಹೊಡೆಯುವ ಕಡೆ ಮಕ್ಕಳನ್ನು ಬಿಡಬಾರದು. ಫೈಬರ್ ವಿಮಾನಕ್ಕೆ ಬಳಸುವ ಎಪಾಕ್ಸಿ ಅಂಟು ಮೈಗೆ ತಾಗಿ ತಾಗಿ ಅಲರ್ಜಿ ಹಿಡಿದರೆ ಜನ್ಮಕ್ಕೆ ಬಿಡೋದಿಲ್ಲ. ಅಲ್ಯೂಮಿನಿಯಂ ಚೂರು ಅಂಬೆಗಾಲಿಡುವ ಮಗುವಿನ ಅಂಗೈಗೆ ಚುಚ್ಚುತ್ತೆ. ಕೆಲಸದ ಚಪ್ಪಲಿ ಕೆಲಸದ ಜಾಗದಲ್ಲೇ ಬಿಟ್ಟು ಬರಬೇಕು.

ಈ ಕೆಲಸ ಮುಗಿಸಿದ ಮನೆಗಳ ಕತೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತೆ. ಅಲ್ಲಿ ವಿಮಾನ ಅಪ್ಪನೊಬ್ಬನ ಸಾಮಾನಾಗಿರಲಿಲ್ಲ. ಚಾರಕೋಪ್‌ನಲ್ಲೂ ಹಾಗೆ, ಹೇಲ್ಸ್ ಕಾರ್ನರ್ಸ್‌ನಲ್ಲೂ ಹಾಗೆ. ಮನೆಯವರಿಂದ ಕದ್ದ ಗಂಟೆಯಲ್ಲಿ, ಮುಚ್ಚಿಟ್ಟ ದುಡ್ಡಿನಲ್ಲಿ ಶುರುವಾದದ್ದು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗುತ್ತೆ.

ಕಾರಿನ ಎಂಜಿನ್ ಹಾಕಿದರೆ ಆಗದೆ?

ಗ್ಯಾರೇಜಿನವರು ಮೊದಲು ಕೇಳುವ ಪ್ರಶ್ನೆ ಇದು. ಆಗುತ್ತೆ, ಆಗಿದೆ ಕೂಡ. ಅಮೆರಿಕದ ಮಿನೆಸೋಟಾದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪಿಯೆಟೆನ್‌ಪಾಲ್ ಎಂಬಾತ 1929ರ ಸುಮಾರಿಗೆ ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ ಹಾಕಿ ಮರ, ಬಟ್ಟೆಯ 'ಏರ್ ಕ್ಯಾಂಪರ್' ಹಾರಿಸಿದ. ಫೋಕ್ಸ್‌ವ್ಯಾಗನ್ ಎಂಜಿನ್ ಹಾಕಿದ ವಿಮಾನಗಳೂ ಬಹಳ ಇವೆ.

ಆದರೆ ಒಂದು ಮಾತು. ಕಾರಿನ ಎಂಜಿನ್ ರಸ್ತೆಯಲ್ಲಿ ತನ್ನ ಪೂರ್ತಿ ಶಕ್ತಿ ಹಾಕುವುದು ಆಗುಂಬೆ ಘಾಟಿ ಹತ್ತುವಾಗಲೋ ಓವರ್‌ಟೇಕ್ ಮಾಡುವಾಗಲೋ ಮಾತ್ರ. ಉಳಿದ ಹೊತ್ತು ಆರಾಮ. ವಿಮಾನದ ಎಂಜಿನ್ ಮುಕ್ಕಾಲು ಪಾಲು ಶಕ್ತಿಯಲ್ಲಿ ಗಂಟೆಗಟ್ಟಲೆ ದುಡಿಯಬೇಕು. ಬಿಸಿ ಹೋಗಬೇಕು, ತೂಕ ಹೆಚ್ಚಬಾರದು. ಕಾರು ಕೆಟ್ಟರೆ ಬಾನೆಟ್ ಎತ್ತಿ ರಸ್ತೆ ಪಕ್ಕ ನಿಲ್ಲಬಹುದು. ಆಕಾಶದಲ್ಲಿ ಪಕ್ಕ ಅನ್ನುವ ಜಾಗ ಇಲ್ಲ.

ಒಂದು ವಾಲ್ವಿನ ಕತೆ

ಮಕ್ಕಳೊಂದಿಗರು ಇದನ್ನು ಓದಲೇಬೇಕು. ಅಮೆರಿಕದ ಹೆಸರಾಂತ ಹಾಡುಗಾರ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಸಮುದ್ರಕ್ಕೆ ಬಿದ್ದು ಸತ್ತ. ಹಾರಿಸುತ್ತಿದ್ದದ್ದು ಲಾಂಗ್-ಈಝಿ ಎಂಬ ಮನೆಯಲ್ಲಿ ಕಟ್ಟಿದ ವಿಮಾನ. ಆತ ಕಟ್ಟಿದ್ದಲ್ಲ, ಸೆಕೆಂಡ್ ಹ್ಯಾಂಡ್ ಕೊಂಡದ್ದು.

ಪೆಟ್ರೋಲ್ ಟ್ಯಾಂಕ್ ಬದಲಿಸುವ ವಾಲ್ವು ಮೂಲ ನಕ್ಷೆಯಲ್ಲಿ ಪೈಲಟ್‌ನ ಎದುರಿಗೆ, ಕಾಲುಗಳ ನಡುವೆ ಇತ್ತು. ಕಟ್ಟಿದಾತ ಅದನ್ನು ಸೀಟಿನ ಹಿಂದೆ, ಎಡ ಭುಜದ ಬೆನ್ನಿಗೆ ಇಟ್ಟಿದ್ದ. ಹಾರುತ್ತಿರುವಾಗ ಅದನ್ನು ತಿರುಗಿಸಲು ಸೊಂಟ ತಿರುಗಿಸಿ ಹಿಂದಕ್ಕೆ ಕೈ ಹಾಕಬೇಕು. ಟ್ಯಾಂಕಿನಲ್ಲಿ ಎಣ್ಣೆ ಕಡಿಮೆ ಇತ್ತು. ವಾಲ್ವು ತಿರುಗಿಸಲು ಹೋಗಿ ವಿಮಾನ ಹತೋಟಿ ತಪ್ಪಿತು ಎಂದು ತನಿಖೆ ಮಾಡಿದವರು ಬರೆದರು. ವರ್ಷಗಳ ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಒಬ್ಬ ಮನುಷ್ಯ ಮಾಡಿದ ಒಂದು ಬದಲಾವಣೆ, ಅದನ್ನು ಕಾಣದ ಇನ್ನೊಬ್ಬನ ಪ್ರಾಣಕ್ಕೆ ಬಂತು.

ಇದು ಅಪರೂಪದ ಸಂಗತಿ ಅಂತ ತಳ್ಳಿಹಾಕುವಂತಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಕೊಟ್ಟ ಅಧ್ಯಯನದ ಪ್ರಕಾರ ಅಲ್ಲಿಯ ಖಾಸಗಿ ಸಣ್ಣ ವಿಮಾನಗಳಲ್ಲಿ ಮನೆಯಲ್ಲಿ ಕಟ್ಟಿದವು ನೂರಕ್ಕೆ ಹತ್ತು. 2011ರ ಅಪಘಾತಗಳಲ್ಲಿ ಅವುಗಳ ಪಾಲು ನೂರಕ್ಕೆ 15. ಸಾವಾದ ಅಪಘಾತಗಳಲ್ಲಿ ನೂರಕ್ಕೆ 21. ಮೊದಲ ಹಾರಾಟದಲ್ಲೇ ಆಗುವ ಅಪಘಾತಗಳೂ ಕಡಿಮೆ ಇಲ್ಲ.

ಅದಕ್ಕೇ ಅಲ್ಲಿ ನಿಯಮ ಇದೆ. ವಿಮಾನ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಮೇಲೆ 'ಎಕ್ಸ್‌ಪೆರಿಮೆಂಟಲ್' ಅಂತ ದೊಡ್ಡದಾಗಿ ಬರೆದಿರಬೇಕು. ಮೊದಲ 25ರಿಂದ 40 ಗಂಟೆ ನಿಗದಿ ಮಾಡಿದ ಪ್ರದೇಶದಲ್ಲೇ ಪರೀಕ್ಷೆಗೆ ಹಾರಿಸಬೇಕು. ಆ ಗಂಟೆಗಳು ಮುಗಿಯುವ ತನಕ ಹೆಂಡತಿ ಮಕ್ಕಳನ್ನು ಕೂರಿಸುವಂತಿಲ್ಲ. ಮಕ್ಕಳು "ನಮ್ಮ ವಿಮಾನ, ನಮ್ಮ ವಿಮಾನ" ಅಂತ ಎಷ್ಟು ಕುಣಿದರೂ ನೆಲದ ಮೇಲೆ ನಿಂತೇ ಕೈ ಬೀಸಬೇಕು.

ನಮ್ಮ ದೇಶದಲ್ಲಿ ದಾರಿ ಉದ್ದ

ಇಲ್ಲಿ ಕಟ್ಟುವುದಕ್ಕಿಂತ ಪರ್ಮಿಷನ್ ತರುವುದೇ ಕಷ್ಟ ಎನ್ನಲು ಮತ್ತೆ ಚಾರಕೋಪ್‌ನ ಕತೆಯೇ ಸಾಕ್ಷಿ. ಯಾದವ್ ನೋಂದಣಿಗೆ ಅರ್ಜಿ ಹಾಕಿದ್ದು 2011ರಲ್ಲಿ. ನಡುವೆ ನಿಯಮ ಬದಲಾಗಿ ಖಾಸಗಿ ವ್ಯಕ್ತಿಗೆ ನೋಂದಣಿ ಇಲ್ಲ, ಕಂಪನಿಗೆ ಮಾತ್ರ ಎಂದಾಯಿತು. ವಿಷಯ ಮುಖ್ಯಮಂತ್ರಿ, ಪ್ರಧಾನಿ ತನಕ ಹೋಗಿ 2017ರ ನವೆಂಬರ್‌ನಲ್ಲಿ ನೋಂದಣಿ ಸಿಕ್ಕಿತು. ನಂಬರು ವಿಟಿ-ಎನ್‌ಎಂಡಿ. ವಿಟಿ ಎಂದರೆ ಭಾರತದ ಗುರುತು, ಎನ್‌ಎಂ ಎಂದರೆ ನರೇಂದ್ರ ಮೋದಿ, ಡಿ ಎಂದರೆ ದೇವೇಂದ್ರ ಫಡ್ನವೀಸ್. ಫೈಲು ಸರಿಸಿದವರ ಋಣ ವಿಮಾನದ ಮೈಮೇಲೇ ಬರೆಸಿಕೊಂಡರು! ಹಾರಾಟದ ಪರವಾನಗಿ ಬಂದದ್ದು 2019ರ ಅಕ್ಟೋಬರ್. ಮಹಾರಾಷ್ಟ್ರದ ಧುಳೆಯಲ್ಲಿ 2020ರಲ್ಲಿ ಅದು ನೆಲ ಬಿಟ್ಟು ಹಾರಿತು. ಅರ್ಜಿಯಿಂದ ಹಾರಾಟದ ತನಕ ಒಂಬತ್ತು ವರ್ಷ.

ದೊಡ್ಡವರ ಬಾಗಿಲು ಬಡಿಯಲು ಎಲ್ಲರಿಗೂ ಆಗುತ್ತದೆಯೇ? ಆಗೋದಿಲ್ಲ. ಆದ್ದರಿಂದ ನಮ್ಮೂರಿನ ಉತ್ಸಾಹಿಗಳಿಗೆ ಸ್ಪಷ್ಟವಾಗಿ ಹೇಳುವ ಮಾತು: ನೋಂದಣಿ, ಹಾರುವ ಪರವಾನಗಿ ಇಲ್ಲದೆ ಮನುಷ್ಯ ಕೂತ ವಿಮಾನದ ಚಕ್ರ ನೆಲ ಬಿಟ್ಟರೆ ಅದು ಅಪರಾಧ. 1934ರ ಹಳೇ ವಿಮಾನ ಕಾಯ್ದೆ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ಗದ್ದೆ ಬಯಲಿನಲ್ಲಿ ಬೆಳಿಗ್ಗೆ ಬೇಗ ಯಾರಿಗೂ ಕಾಣದ ಹಾಗೆ ಒಂದು ಸುತ್ತು ಹಾಕ್ತೀನಿ ಅನ್ನುವವರು ಮನೆಯಲ್ಲಿ ಮಲಗಿರುವ ಮಕ್ಕಳ ಮುಖ ನೋಡಿ ಬರಲಿ. ಹಾರಿಸುವವನಿಗೂ ಲೈಸೆನ್ಸ್ ಬೇಕು. ಖಾಸಗಿ ಪೈಲಟ್ ಲೈಸೆನ್ಸಿಗೆ ವಯಸ್ಸು 17 ಆಗಿರಬೇಕು, ಕನಿಷ್ಠ 40 ಗಂಟೆ ಹಾರಾಟ ಕಲಿತಿರಬೇಕು, ಡಾಕ್ಟರ ಸರ್ಟಿಫಿಕೇಟು ಬೇರೆ.

ಬೆಂಗಳೂರಿನವರು ಕಲಿತದ್ದೂ ಇದೇ ಶಾಲೆಯಲ್ಲಿ

ಮನೆಯಲ್ಲಿ ಕಟ್ಟುವ ವಿಮಾನ ಅಂದರೆ ತಲೆಕೆಟ್ಟವರ ಕೆಲಸ ಅಂತ ನಗುವವರಿಗೂ ಒಂದು ಮಾತು ಇದೆ. ಜಾನ್ ಡೆನ್ವರ್ ಕತೆಯಲ್ಲಿ ಬಂದ ಲಾಂಗ್-ಈಝಿಯನ್ನು ರೂಪಿಸಿದವನು ಬರ್ಟ್ ರುಟಾನ್. ಥರ್ಮಾಕೋಲಿನಂಥ ಫೋಮ್ ತುಂಡನ್ನು ಬಿಸಿ ತಂತಿಯಲ್ಲಿ ರೆಕ್ಕೆಯ ಆಕಾರಕ್ಕೆ ಕುಯ್ದು, ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಬಳಿಯುವುದು ಅವನ ವಿಧಾನ. ನಕ್ಷೆ ಕೊಂಡ ಸಾಮಾನ್ಯರು ಗ್ಯಾರೇಜಿನಲ್ಲೇ ಕಟ್ಟಬಹುದಿತ್ತು.

ಬೆಂಗಳೂರಿನ ಎನ್‌ಎಎಲ್, ಅಂದರೆ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಅದೇ ಲಾಂಗ್-ಈಝಿಯನ್ನು ಆಧಾರ ಮಾಡಿಕೊಂಡು ಎಲ್‌ಸಿಆರ್‌ಎ ಎಂಬ ಎರಡು ಸೀಟಿನ ಫೈಬರ್ ವಿಮಾನ ಕಟ್ಟಿದರು. 1987ರಲ್ಲಿ ಅದು ಹಾರಿತು. ಆಮೇಲೆ ಅದೇ ಸಂಸ್ಥೆಯ 'ಹಂಸ' ತರಬೇತಿ ವಿಮಾನ 1993ರಲ್ಲಿ ಹಾರಿತು. ಸರ್ಕಾರಿ ಪ್ರಯೋಗಾಲಯವೇ ಗ್ಯಾರೇಜ್ ಮಂದಿಯ ವಿಮಾನದಿಂದ ಪಾಠ ಕಲಿತಿದೆ ಎಂದ ಮೇಲೆ ನಗುವುದಕ್ಕೆ ಏನಿದೆ?

ಹಾಗಾದರೆ ಏನು ಮಾಡೋದು?

ಕನಸು ಕಾಣಬೇಡಿ ಎಂದು ಹೇಳಲು ಈ ಅಂಕಣ ಬರೆದಿಲ್ಲ. ಗಂಡಸರು ಸಂಜೆ ಹೊತ್ತು ಎಲ್ಲೆಲ್ಲಿ ಹೋಗಿ ಕೂರುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎನ್ನುವುದು ಊರಿಗೆ ಗೊತ್ತಿದೆ. ಅದಕ್ಕಿಂತ ರಿವೆಟ್ ಹೊಡೆಯುವ ಅಪ್ಪ ವಾಸಿ.

ಆದರೆ ಕ್ರಮ ಇದೆ. ಮೊದಲ ಅರ್ಜಿ ದೆಹಲಿಗೆ ಹಾಕಬೇಡಿ, ಅಡುಗೆಮನೆಗೆ ಹಾಕಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಹೆಂಡತಿಯ ಎದುರು ಒಂದು ಕಾಗದ ಇಟ್ಟುಕೊಂಡು ಮೇಲಿನ ಲೆಕ್ಕ ಬರೆಯಿರಿ. ಸ್ಕೂಲ್ ಫೀಸು, ಮನೆ ಬಾಡಿಗೆ, ಎಲ್‌ಐಸಿ ಕಂತು, ಅಪ್ಪ ಅಮ್ಮನ ಔಷಧಿ, ಇವೆಲ್ಲ ಮೇಲಿನ ಸಾಲು. ವಿಮಾನ ಕೆಳಗಿನ ಸಾಲು. ಒಡವೆಗೆ ಕೈ ಹಾಕುವುದಿಲ್ಲ ಎಂದು ಮೊದಲೇ ಬರೆದಿಡಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಇಂಥ ಹಾರಾಟಕ್ಕೆ ರಕ್ಷಣೆ ಇದೆಯೋ ಇಲ್ಲವೋ ಏಜೆಂಟರ ಬಾಯಿಮಾತು ನಂಬದೆ ಬರಹದಲ್ಲಿ ಕೇಳಿ. ಭಾನುವಾರದಲ್ಲಿ ಯಾವ ಹೊತ್ತು ಮಕ್ಕಳದ್ದು, ಯಾವ ಹೊತ್ತು ವಿಮಾನದ್ದು ಎನ್ನುವುದೂ ಅಲ್ಲೇ ತೀರ್ಮಾನ ಆಗಲಿ. ಹೆಂಡತಿ "ಈಗ ಬೇಡ ರೀ, ಚಿಕ್ಕವನು ಸ್ಕೂಲಿಗೆ ಸೇರಲಿ" ಅಂದರೆ ಅದನ್ನು ಅಡ್ಡಗಾಲು ಅಂತ ತಿಳಿಯಬೇಡಿ. ಅಷ್ಟರಲ್ಲಿ ಬಾಲದ ನಕ್ಷೆ ಓದಬಹುದು, ತಗಡಿನ ಕೆಲಸ ಕಲಿಯಬಹುದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಒಂದು ಮಾದರಿ ವಿಮಾನ ಕಟ್ಟಿ ನೋಡಿ. ಹಗುರ ಮರ, ಕಾಗದ, ರಬ್ಬರ್ ಬ್ಯಾಂಡು ಸಾಕು. ಖರ್ಚು ನೂರುಗಳಲ್ಲಿ. ಮುಂಭಾರ ಹೆಚ್ಚಾದರೆ ಮೂಗು ಕುಕ್ಕುತ್ತೆ, ಹಿಂಭಾರ ಹೆಚ್ಚಾದರೆ ಬಾಲ ಜೋಲುತ್ತೆ. ದೊಡ್ಡ ವಿಮಾನದ ಮೊದಲ ಪಾಠವೂ ಅದೇ. ಇದನ್ನೇ ನಮ್ಮ ಐಟಿಐ, ಪಾಲಿಟೆಕ್ನಿಕ್‌ನವರು ರಜಾ ದಿನದಲ್ಲಿ ಒಂದು ಶಿಬಿರ ಮಾಡಿ ಹೇಳಿಕೊಟ್ಟರೆ ಎಷ್ಟು ಚೆನ್ನ. ಇಎಎ ಸಂಘದವರು 1992ರಿಂದ 'ಯಂಗ್ ಈಗಲ್ಸ್' ಎಂಬ ಹೆಸರಿನಲ್ಲಿ 8ರಿಂದ 17 ವರ್ಷದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕಾಸಿಲ್ಲದೆ ವಿಮಾನ ಹತ್ತಿಸಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಏರ್‌ಪೋರ್ಟ್ ಇದೆ, ಎರಕದ ಕಾರ್ಖಾನೆಗಳಿವೆ, ಲೇತ್ ಮೇಲೆ ನೂಲಿನಷ್ಟು ಅಳತೆ ತಪ್ಪದ ಕೆಲಸಗಾರರಿದ್ದಾರೆ. ಹೇಳಿಕೊಡುವವರು ಮುಂದೆ ಬಂದರೆ ಕಲಿಯುವ ಮಕ್ಕಳಿಗೆ ಬರವಿಲ್ಲ.

ಈ ಬಗ್ಗೆ ಜಿಲ್ಲಾಡಳಿತ, ಕಾಲೇಜುಗಳು ಯೋಚನೆ ಮಾಡಲಿ. ಅಲ್ಲಿಯವರೆಗೆ ಕನಸಿನವರು ಲೆಕ್ಕದ ಕಾಗದ ಬರೆದು ಮನೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಲಿ. ಆ ಸಹಿ ಬೀಳುವ ತನಕ ಒಂದು ರಿವೆಟ್ಟನ್ನೂ ತರುವುದು ಬೇಡ.